ಗೇಟಿನ ಮನೆಯಲ್ಲಿ ಟೇಪ್ ಹಿಡಿದವರು

ಯಾರಾದರೂ ದೆವ್ವದ ಕತೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಊರಿನ ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಆದರೆ ಸತ್ತವರು ತಿರುಗಿ ಬಂದರು, ಬಾಗಿಲು ತಾನಾಗಿ ತೆರೆಯಿತು ಎನ್ನುವುದೆಲ್ಲ ಮಾಡಲು ಕೆಲಸವಿಲ್ಲದವರ ಹರಟೆ ಎಂದೇ ತಿಳಿದಿದ್ದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲು ದಾಟಿದವರೇ ಇರಲಿಲ್ಲ. ಅಪ್ಪ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದವರು. ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತು ನನ್ನನ್ನು ಸಿವಿಲ್ ಎಂಜಿನಿಯರಿಂಗ್ ಓದಿಸಿದರು. ಅಷ್ಟು ಕಷ್ಟದಲ್ಲಿ ಕಲಿತ ಮೇಲೆ, ಅಳತೆಗೆ ಸಿಗದ್ದನ್ನು ನಂಬಿದರೆ ಕಲಿತದ್ದಕ್ಕೇ ಅವಮಾನ ಎಂದು ನನಗೆ ಅನಿಸುತ್ತಿತ್ತು.

ಈಗಲೂ ಹೆಚ್ಚುಕಡಿಮೆ ಹಾಗೆಯೇ ಅನಿಸುತ್ತದೆ. ಆದರೆ ಒಂದು ಮಧ್ಯಾಹ್ನದ ವಿಷಯ ಉಂಟು, ಅದನ್ನು ಎಲ್ಲಿ ಇಡಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ನೀವು ನಂಬಿ ಎಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡಿ ವರದಿ ಕೊಡುವ ಒಂದು ಸಣ್ಣ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದು ದಿನ ಆಫೀಸು ನಡೆಸುತ್ತಿದ್ದ ಸಾರ್ ಕರೆದು, ತಾಂಬರಂ ರೈಲಿನ ದಾರಿಯಲ್ಲಿ ಒಂದು ತೋಟದ ಬಂಗಲೆ ಇದೆ, ಅದರ ಗೇಟಿನ ಮನೆಯನ್ನು ಅಳೆದು ಬಾ ಎಂದರು. ಬಂಗಲೆ ಇಂಗ್ಲಿಷರ ಕಾಲದ್ದು. ಆಮೇಲೆ ಒಂದು ವೈಷ್ಣವ ವಕೀಲರ ಮನೆತನಕ್ಕೆ ಬಂದು, ಈಗ ಮಕ್ಕಳಲ್ಲಿ ಪಾಲಾಗಿತ್ತು. ಹಿಂದಿನ ತೋಟದಲ್ಲಿ ಫ್ಲ್ಯಾಟು ಏಳಬೇಕು, ಜಲ್ಲಿ ಲಾರಿ ಒಳಗೆ ಹೋಗಲು ಗೇಟು ಸಾಲದು. ಗೇಟಿನ ಪಕ್ಕದ ಮನೆಯ ಗೋಡೆಯಲ್ಲಿ ಉದ್ದಕ್ಕೊಂದು ಬಿರುಕು ಬಿಟ್ಟಿತ್ತು. ಕಟ್ಟಡ ಬಾಯಿ ಬಿಡುತ್ತಿದೆ, ಅಪಾಯ ಎಂದು ನಾವು ಬರೆದರೆ ಕೆಡವುವುದು. ಗಟ್ಟಿಯಾಗಿದೆ ಎಂದು ಬರೆದರೆ ಲಾರಿಗೆ ಬೇರೆ ದಾರಿ ನೋಡುವುದು.

ಆ ಮನೆಯಲ್ಲಿ ಒಬ್ಬರು ವಾಸವಿದ್ದರು. ಕನ್ನಿಯಮ್ಮ. ಅವರ ಗಂಡ ಆ ಗೇಟನ್ನು ಕಾಯುತ್ತಿದ್ದವರು, ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ನೀನು ಇರುವವರೆಗೂ ಇಲ್ಲೇ ಇರು ಎಂದು ಹಿರಿಯ ವಕೀಲರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಅವರೂ ಈಗ ಇರಲಿಲ್ಲ. ಕೆಡವಿದರೆ ಕನ್ನಿಯಮ್ಮ ಕಾಸಿಮೇಡಿನಲ್ಲಿರುವ ತಂಗಿಯ ಮಗಳ ಒಂದೇ ಕೋಣೆಯ ಮನೆಗೆ ಹೋಗಬೇಕು. ಅಲ್ಲಿ ಆಗಲೇ ಮಲಗಲು ಜಾಗವಿಲ್ಲದಷ್ಟು ಜನ. ಇದೆಲ್ಲ ನಾನು ಹೋಗಿ ಹತ್ತು ನಿಮಿಷದೊಳಗೆ ಅವರೇ ಹೇಳಿದ್ದು. ದೂರಿನ ಧಾಟಿಯಲ್ಲಿ ಅಲ್ಲ. ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಹೇಳುವ ಹಾಗೆ.

ಕಟ್ಟಡ ಹೇಗಿತ್ತೆಂದು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ದಪ್ಪ ಕಂಬ, ತಲೆಯ ಮೇಲೆ ಕಲಶದಂಥ ಕಲ್ಲು, ನಡುವೆ ಕಬ್ಬಿಣದ ಗೇಟು. ಬಲಗಡೆಯ ಕಂಬಕ್ಕೆ ಒರಗಿದ ಹಾಗೆ ಎಂಟು ಮೂಲೆಯ ಪುಟ್ಟ ಮನೆ. ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ತಾರಸಿ. ಒಳಗಿನ ಗೋಡೆಗೆ ಹಳೇ ಮದ್ರಾಸಿನ ಸುಣ್ಣದ ಗಾರೆ. ಎಷ್ಟು ನುಣುಪೆಂದರೆ ಕೈಯಿಟ್ಟರೆ ಮೊಟ್ಟೆಯ ಚಿಪ್ಪನ್ನು ಮುಟ್ಟಿದ ಹಾಗೆ. ರಸ್ತೆಯ ಎರಡೂ ದಿಕ್ಕಿನಿಂದ ಯಾರು ಬಂದರೂ ಕಾಣಲಿ ಎಂದು ಮುಖಮುಖಕ್ಕೂ ಒಂದೊಂದು ಕಿರಿದಾದ ಕಿಟಕಿ, ಅವಕ್ಕೆಲ್ಲ ಸರಳು. ಕಟ್ಟಿದವನು ಯಾರೋ, ಒಬ್ಬ ಕಾವಲಿನವನಿಗೆ ಇಷ್ಟು ಪ್ರೀತಿಯಿಂದ ಮನೆ ಕಟ್ಟಿದನಲ್ಲ ಎಂದು ನನಗೆ ನೋಡಿದೊಡನೆ ಅನಿಸಿತು.

ಈ ಎಂಟು ಮೂಲೆಯ ಮನೆಯನ್ನು ನಡುವೆ ಒಂದು ಗೋಡೆ ಹಾಕಿ ಎರಡು ಪಾಲು ಮಾಡಿದ್ದರು. ಮುಂದಿನ ಅರ್ಧ ಕಾವಲಿಗೆ, ಹಿಂದಿನ ಅರ್ಧ ಸಂಸಾರಕ್ಕೆ. ಆ ಗೋಡೆಯ ಸರಿ ಮಧ್ಯದಲ್ಲಿ ಒಂದು ಬಾಗಿಲು. ಬಾಗಿಲಿಗೆ ಕದವಿಲ್ಲ, ಕನ್ನಿಯಮ್ಮನ ಹಳೇ ಸೀರೆಯೊಂದನ್ನು ಪರದೆಯಾಗಿ ಕಟ್ಟಿತ್ತು. ಕಟ್ಟಡ ಬಾಯಿ ಬಿಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭದ ಉಪಾಯ ಉಂಟು. ಮುಂದಿನ ಒಂದೊಂದು ಮೂಲೆಯಿಂದ ಅದರ ಎದುರಿನ ಹಿಂದಿನ ಮೂಲೆಗೆ ಟೇಪ್ ಹಿಡಿಯಬೇಕು. ಅಂಥ ನಾಲ್ಕು ಅಳತೆ, ನಾಲ್ಕೂ ನಡುವಿನ ಬಾಗಿಲಿನ ಮೂಲಕವೇ ಹಾದುಹೋಗುತ್ತವೆ. ನಾಲ್ಕೂ ಒಂದೇ ಬಂದರೆ ಕಟ್ಟಡ ಅಲುಗಿಲ್ಲ. ಯಾವುದಾದರೂ ಒಂದು ಹೆಚ್ಚಾದರೆ ಆ ಕಡೆ ಗೋಡೆ ಹೊರಗೆ ಸರಿದಿದೆ.

ಆದರೆ ಅದಕ್ಕೆ ಇಬ್ಬರು ಬೇಕು. ಟೇಪಿನ ತುದಿಯಲ್ಲಿ ಒಂದು ಹಿತ್ತಾಳೆ ಉಂಗುರ ಇರುತ್ತದೆ. ಒಬ್ಬರು ಅದನ್ನು ಮೂಲೆಗೆ ಒತ್ತಿ ಹಿಡಿದು, ಸರಿಯಾಗಿ ಕೂತ ಮೇಲೆ ಒಂದು ಸಲ ಮೆಲ್ಲಗೆ ಜಗ್ಗಬೇಕು. ಆ ಜಗ್ಗು ಸಿಕ್ಕಿದ ಮೇಲೆಯೇ ಈ ತುದಿಯವರು ಓದಿಕೊಳ್ಳುವುದು. ನಮ್ಮ ಆಫೀಸಿನ ಕ್ರಮ ಅದು. ಟೇಪ್ ಹಿಡಿಯುವ ಮನುಷ್ಯ ಆ ದಿನ ಊರಿಗೆ ಹೋಗಿದ್ದ. ನನಗೋ ಕಾಯುವ ತಾಳ್ಮೆಯಿಲ್ಲ, ಒಬ್ಬಳೇ ಹೊರಟುಬಂದಿದ್ದೆ.

"ಪಾಟಿ, ನೀವೇ ಸ್ವಲ್ಪ ಹಿಡೀತೀರಾ?" ಎಂದು ಕನ್ನಿಯಮ್ಮನನ್ನು ತಮಿಳಿನಲ್ಲಿ ಕೇಳಿದೆ. ಪಾಟಿ ಎಂದರೆ ಅಜ್ಜಿ. ಉಂಗುರ ತೋರಿಸಿ, ಜಗ್ಗುವುದನ್ನೂ ಹೇಳಿಕೊಟ್ಟೆ.

"ನನ್ನ ಮನೆ ಬೀಳಿಸೋ ಹಗ್ಗಾನ ನನ್ನ ಕೈಗೇ ಕೊಡ್ತೀಯಲ್ಲ ಪಾಪಾ!" ಎಂದು ನಕ್ಕರು. "ನೀನು ಮುಂದಿನಿಂದ ಒಳಗೆ ಹೋಗು. ನಾನು ಹಿಂದಿನಿಂದ ಬರ್ತೀನಿ." ಅವರ ತಮಿಳನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಪ್ರೀತಿಯಿಂದ ಕರೆಯುವ ಪಾಪಾ, ಕಣ್ಣು ಎಂಬ ಮಾತುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅವರಿಗೆ ಕನ್ನಡ ಒಂದು ಅಕ್ಷರ ಬಾರದು.

ಮೇ ತಿಂಗಳ ಸುಡುಬಿಸಿಲು, ತಮಿಳರು ಅದನ್ನು ಕತ್ತರಿ ಎನ್ನುತ್ತಾರೆ. ಮದ್ರಾಸಿನಲ್ಲಿ ಆ ದಿನಗಳಲ್ಲಿ ಮೂರು ಗಂಟೆಗೆ ಕಾಗೆ ಕೂಡ ಕೂಗುವುದಿಲ್ಲ. ಸೆಕೆಗೆ ಹೆದರಿ ಕನ್ನಿಯಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟವಳಿಗೆ ಮೊದಲು ಏನೂ ಕಾಣಿಸಲಿಲ್ಲ. ತಂಪಾಗಿತ್ತು. ಪರದೆಯ ಅಡಿಯಿಂದ ಉಂಗುರವನ್ನು ಆ ಕಡೆ ನೂಕಿ, "ಎಡಗಡೆ ಕೊನೇ ಮೂಲೆ, ಪಾಟಿ" ಎಂದು ಕಾದೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿಯಿಂದ ಟೇಪ್ ಸರಸರ ಬಿಚ್ಚಿಕೊಳ್ಳತೊಡಗಿತು. ನಿಂತಿತು. ಒಂದು ಜಗ್ಗು. ನಾನು ಟಾರ್ಚು ಹಾಕಿ ಓದಿ, ಬರೆದುಕೊಂಡೆ.

ಇಲ್ಲಿ ನನ್ನ ಸ್ವಭಾವದ ಒಂದು ವಿಷಯ ಹೇಳಬೇಕು. ಮದ್ರಾಸಿನಲ್ಲಿ ಬೆಳೆದ ನಮ್ಮಂಥವರಿಗೆ ಒಂದು ಅಭ್ಯಾಸ ಉಂಟು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಬೇಕಾದರೂ ಕನ್ನಡದಲ್ಲಿ ಬಾಯಿ ಬಿಟ್ಟು ಮಾತಾಡಿಬಿಡುತ್ತೇವೆ, ಸುತ್ತಲಿನವರಿಗೆ ತಿಳಿಯುವುದಿಲ್ಲವೆಂಬ ಧೈರ್ಯ. ನಾನೂ ಅಮ್ಮನೂ ಎಷ್ಟು ಸಲ ಪಕ್ಕದಲ್ಲಿ ಕೂತವರ ಸೀರೆಯ ಬಗ್ಗೆಯೇ ಹಾಗೆ ಮಾತಾಡಿ ನಕ್ಕಿಲ್ಲ! ಆ ತಂಪು ಕತ್ತಲೆಯಲ್ಲಿ, ಪರದೆಯ ಆಚೆ ಭಾಷೆ ತಿಳಿಯದ ಒಬ್ಬ ಮುದುಕಿ ಇದ್ದಾರೆ ಎಂಬ ಸಮಾಧಾನದಲ್ಲಿ, ನಾನು ಕನ್ನಡದಲ್ಲಿ ಶುರು ಮಾಡಿದೆ. ಮೊದಲು ಸುಮ್ಮನೆ ಗೊಣಗಾಟ. ಆಮೇಲೆ ಅದೇ ಮಾತಾಯಿತು.

ಅಪ್ಪನ ಕೈ ನಡುಗುವುದಕ್ಕೆ ಶುರುವಾಗಿದೆ, ಹಿಟ್ಟು ಕಲ್ಲಿನ ಮೇಲೆ ದುಂಡಗೆ ಹರಡುವುದಿಲ್ಲ, ಹೋಟೆಲಿನವರು ಅವರನ್ನು ತರಕಾರಿ ಹೆಚ್ಚಲು ಕೂರಿಸಿದ್ದಾರೆ ಎಂದೆ. ಅವರು ಅದನ್ನು ಮನೆಯಲ್ಲಿ ಹೇಳಿಲ್ಲ, ನಾನೇ ಒಂದು ದಿನ ಹೋದಾಗ ನೋಡಿ, ನೋಡದವಳ ಹಾಗೆ ವಾಪಸು ಬಂದೆ ಎಂದೆ. ಮಗಳು ಎಂಜಿನಿಯರು ಎಂದು ಅವರು ಗಲ್ಲಾದವರಿಂದ ಹಿಡಿದು ಹಾಲಿನವನವರೆಗೆ ಹೇಳಿಕೊಂಡಿದ್ದಾರೆ, ಈ ಕೆಲಸ ಉಳಿಯುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ ಎಂದೆ. ನಡುನಡುವೆ ನಾನೂ ಎದುರಿನ ಮೂಲೆಗೆ ಸರಿದು, "ಈಗ ಪಕ್ಕದ ಮೂಲೆ" ಎಂದು ಹೇಳಿದೆ. ಟೇಪ್ ಸರಿಯಿತು, ಜಗ್ಗು ಬಂತು. "ಇನ್ನೂ ಒಂದು ಈಚೆ." ಸರಿಯಿತು, ಜಗ್ಗು ಬಂತು. ಅವಸರವಿಲ್ಲ, ತಡವೂ ಇಲ್ಲ. ಆಫೀಸಿನ ಮನುಷ್ಯನಿಗಿಂತ ಚೆನ್ನಾಗಿ ಹಿಡಿಯುತ್ತಾರಲ್ಲ ಪಾಟಿ ಎಂದುಕೊಂಡೆ. ಒಮ್ಮೆ ಅಪ್ಪನ ವಿಷಯ ಹೇಳುವಾಗ ನನ್ನ ಮಾತು ಅರ್ಧಕ್ಕೇ ನಿಂತಿತು. ಆಗ ಆ ತುದಿಯಿಂದ, ಮೂಲೆ ಬದಲಾಗದೆಯೇ, ಮತ್ತೊಂದು ಸಣ್ಣ ಜಗ್ಗು ಬಂತು. ಹೇಳು, ಇದ್ದೇನೆ ಎಂಬ ಹಾಗೆ. ಆಗ ನನಗೆ ಅದು ವಿಚಿತ್ರ ಅನಿಸಲಿಲ್ಲ. ನನ್ನ ದನಿ ಕೇಳಿ ಮುದುಕಿಗೆ ಅರ್ಥವಾಗಿರಬೇಕು ಎಂದುಕೊಂಡೆ.

ನಾಲ್ಕನೆಯ ಅಳತೆ ಓದುವ ಮೊದಲು ಹೇಳಿದ್ದು ಮಾತ್ರ ನನಗೆ ಅಕ್ಷರಕ್ಕಕ್ಷರ ನೆನಪಿದೆ. "ನೋಡಿ, ನಾನು ಯಾರ ಪರವೂ ಬರೆಯುವುದಿಲ್ಲ. ಟೇಪ್ ಎಂತ ಹೇಳ್ತದೋ ಅದನ್ನೇ ಬರೀತೇನೆ. ಸರಿ ಬಂದರೆ ಈ ಮನೆಗೆ ಯಾರೂ ಕೈ ಹಚ್ಚದ ಹಾಗೆ ಬರೀತೇನೆ."

ನಾಲ್ಕೂ ಒಂದೇ ಬಂತು.

ಟೇಪ್ ಸುತ್ತಿಕೊಳ್ಳುತ್ತಾ, "ಆಯ್ತು ಪಾಟಿ, ಉಳಿಯಿತು ನಿಮ್ಮ ಮನೆ" ಎಂದು ತಮಿಳಿನಲ್ಲಿ ಕೂಗಿ ಪರದೆ ಸರಿಸಿದೆ. ಒಳಗೆ ಯಾರೂ ಇಲ್ಲ. ಒಂದು ಹಗ್ಗದ ಮಂಚ, ಸೀಮೆಎಣ್ಣೆ ಸ್ಟವ್, ಗೋಡೆಗೆ ಒರಗಿಸಿದ ಚಾಪೆ. ಹಿಂದಿನ ಬಾಗಿಲು ನೂಕಿದೆ. ತೆರೆಯಲಿಲ್ಲ. ಹೊರಗಿನಿಂದ ಚಿಲಕ ಹಾಕಿತ್ತು. ಮುಂದಿನಿಂದ ಸುತ್ತು ಹಾಕಿ ಹಿಂದಕ್ಕೆ ಬಂದೆ. ರಸ್ತೆಯ ತಿರುವಿನಲ್ಲಿ ನೀರಿನ ಲಾರಿ ನಿಂತಿತ್ತು. ಕನ್ನಿಯಮ್ಮ ಸೊಂಟದಲ್ಲೊಂದು ಪ್ಲಾಸ್ಟಿಕ್ ಕೊಡ, ಕೈಯಲ್ಲೊಂದು ಕೊಡ ಹಿಡಿದು, ಅರ್ಧ ಸೀರೆ ನೆನೆಸಿಕೊಂಡು ಬರುತ್ತಿದ್ದರು.

"ಕ್ಷಮಿಸು ಕಣ್ಣು. ನೀನು ಒಳಗೆ ಹೋದದ್ದೇ ಲಾರಿ ಹಾರನ್ ಆಯ್ತು. ಇವತ್ತು ಬಿಟ್ರೆ ಮತ್ತೆ ಯಾವತ್ತೋ. ಆ ಮೂಲೆಮನೆಯವಳ ಜೊತೆ ಜಗಳ ಬೇರೆ, ನನ್ನ ಕೊಡ ಹಿಂದಕ್ಕೆ ತಳ್ಳಿದ್ಲು. ಬಾ ಈಗ, ಹಿಡೀತೀನಿ."

ಅವರ ಹಿಂದೆಯೇ ಬಂದ ಇನ್ನಿಬ್ಬರು ಹೆಂಗಸರು ಆ ಜಗಳವನ್ನು ಇನ್ನೂ ಮುಂದುವರಿಸುತ್ತಿದ್ದರು. ಅಷ್ಟು ಹೊತ್ತೂ ಇವರು ಸಾಲಿನಲ್ಲೇ ಇದ್ದದ್ದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಆಗ ಮಾತ್ರ ಹೊಳೆಯಿತು: ಮೊದಲನೆಯ ಮೂಲೆಯನ್ನು ನಾನು ತಮಿಳಿನಲ್ಲಿ ಹೇಳಿದ್ದೆ. ಉಳಿದ ಮೂರನ್ನೂ ಕನ್ನಡದಲ್ಲಿ ಹೇಳಿದ್ದೆ. ಮೂರಕ್ಕೂ ಉಂಗುರ ಸರಿಯಾದ ಮೂಲೆಗೇ ಹೋಗಿತ್ತು.

ಹೇಳಬಾರದೆಂದುಕೊಂಡರೂ ಕನ್ನಿಯಮ್ಮನಿಗೆ ಹೇಳಿದೆ. ಅವರು ಕೊಡ ಇಳಿಸಿ, ಸೀರೆ ಹಿಂಡಿ, ನನ್ನ ಪಕ್ಕ ಕುಳಿತರು. ಹೆದರಲಿಲ್ಲ. ಯಾವ ಭಾಷೆಯಲ್ಲಿ ಮಾತಾಡಿದೆ ಎಂದು ಕೇಳಿದರು. ಕನ್ನಡ ಎಂದೆ. "ನಮ್ಮ ಮನೆಯವರಿಗೆ ಬರ್ತಿತ್ತು" ಎಂದರು. "ಹೊಸೂರು ಕಡೆಯವರು. ಅವರಮ್ಮನ ಹತ್ರ ಅದೇ ಮಾತು. ಆ ಮುದುಕಿ ಹೋದ ಮೇಲೆ ಇಲ್ಲಿ ಯಾರಿದ್ರು ಮಾತಾಡೋಕೆ? ನನಗೆ ಬರಲ್ಲ."

ಇದ್ದಕ್ಕಿದ್ದಂತೆ ಅವರಿಗೆ ಸಿಟ್ಟು ಬಂತು. ನನ್ನ ಮೇಲಲ್ಲ, ಒಳಗಿನ ಪರದೆಯ ಕಡೆ ತಿರುಗಿ. "ಇಷ್ಟು ವರ್ಷದಿಂದ ಇಲ್ಲೇ ಬಿದ್ದಿದ್ದೀನಿ. ಒಂದು ದಿನ, ಒಂದೇ ಒಂದು ದಿನ, ನನ್ನ ಕೊಡಕ್ಕೆ ಒಂದು ಕೈ ಕೊಟ್ಟಿದ್ದೀರಾ? ಯಾವಳೋ ಹುಡುಗಿ ಟೇಪ್ ತಂದ್ಲು ಅಂತ ಎದ್ದು ಬಂದ್ರಾ?" ಎಂದು ಬೈದರು. ಬೈದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಒದ್ದೆ ಸೀರೆಯ ಮೇಲೆ ಕೈಯಿಟ್ಟು ಕುಳಿತೆ.

ಆಫೀಸಿನಲ್ಲಿ ನಾಲ್ಕು ಅಳತೆಯನ್ನೂ ಸಾರ್ ಮುಂದೆ ಇಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಏಮ್ಮಾ, ಆಳು ಊರಲ್ಲಿದ್ದಾನೆ. ಇದನ್ನ ಒಬ್ಬಳೇ ಹೇಗೆ ಹಿಡಿದೆ? ನಿನ್ನ ಕೈ ಅಷ್ಟು ಉದ್ದವಾ?" ಎಂದರು.

"ಅಲ್ಲಿದ್ದವರು ಹಿಡಿದರು ಸಾರ್" ಎಂದೆ. ಅದಕ್ಕಿಂತ ನಿಜವಾದದ್ದು ನನ್ನ ಹತ್ತಿರ ಇರಲಿಲ್ಲ.

ಅವರು ಒಳ್ಳೆಯವರೇ, ಆದರೆ ಬೇರೆಯವರ ಅಳತೆ ನಂಬುವ ಜಾತಿಯಲ್ಲ. ಆಳು ಊರಿಂದ ಬಂದ ಮೇಲೆ ಅವನನ್ನು ಕರೆದುಕೊಂಡು ತಾವೇ ಹೋದರು. ಪರದೆ ಎತ್ತಿ ಕಟ್ಟಿಸಿ, ಕಿಟಕಿಗಳನ್ನೆಲ್ಲ ತೆಗೆಸಿ ಮತ್ತೆ ಅಳೆದರು. ಒಂದು ನೂಲೂ ಆಚೀಚೆ ಇರಲಿಲ್ಲ. ಬಿರುಕಿನ ಜಾಗದಲ್ಲಿ ಗಾರೆ ಕೆತ್ತಿಸಿ ನೋಡಿದರೆ ಅದು ಗಾರೆಯಲ್ಲೇ ನಿಂತಿತ್ತು, ಇಟ್ಟಿಗೆಗೆ ಇಳಿದಿರಲಿಲ್ಲ. ಕಟ್ಟಡ ಭದ್ರವಾಗಿದೆ ಎಂದು ವರದಿ ಹೋಯಿತು, ಕೆಳಗೆ ನನ್ನ ಹೆಸರೂ ಇತ್ತು. ಬಂಗಲೆಯವರು ಮೊದಲು ಮುಖ ಗಂಟಿಕ್ಕಿದರೂ ಕೊನೆಗೆ ಪಕ್ಕದ ಬೀದಿಯ ಕಡೆಗಿದ್ದ ತಮ್ಮ ಕಾಂಪೌಂಡು ಒಡೆದು ಲಾರಿಗೆ ಅಲ್ಲಿ ದಾರಿ ಮಾಡಿಕೊಂಡರು.

ಅಪ್ಪನಿಗೂ ಹೇಳಿದೆ. ಪರದೆಯ ಆಚೆ ನಾನು ಏನು ಹೇಳಿಕೊಂಡೆ ಎಂಬುದನ್ನು ಬಿಟ್ಟು. ಅವರು ಎಲೆಯ ಮುಂದೆ ಕೂತು ಕೇಳಿದರು. "ಹಿಡಿದದ್ದು ಹೌದಲ್ಲ ಮಾರಾಯ್ತಿ? ಸರಿಯಾಗಿ ಹಿಡಿದ್ರಲ್ಲ? ಮತ್ತೆ ಯಾರು ಅಂತ ಎಂತಕ್ಕೆ ಕೇಳುದು? ಊಟ ಮಾಡು" ಎಂದರು. ನನ್ನ ಓದಿಗೆ ಆ ಉತ್ತರ ಸಾಲದು. ಉಂಗುರ ಯಾವುದೋ ಮೊಳೆಗೆ ಸಿಕ್ಕಿತ್ತೇ? ಒಂದು ಸಲ ಸರಿ, ನಾಲ್ಕು ಮೂಲೆಯಲ್ಲೂ ಸಿಕ್ಕುವುದೇ? ಬೆಕ್ಕು ಎಳೆಯಿತೇ? ಬಿಸಿಲಿಗೆ ತಲೆ ಕೆಟ್ಟು, ನಾನೇ ಅತ್ತಿತ್ತ ಓಡಾಡಿ ಉಂಗುರ ಇಟ್ಟು ಬಂದು ಮರೆತೆನೇ? ಹೀಗೆಲ್ಲ ನನಗೆ ನಾನೇ ಅಡ್ಡಪ್ರಶ್ನೆ ಹಾಕಿ ನೋಡಿದ್ದೇನೆ. ಯಾವುದೂ ಕೂಡುವುದಿಲ್ಲ. ಅದೆಲ್ಲಕ್ಕಿಂತ ನನ್ನನ್ನು ಕಾಡುವುದು ಆ ಹೆಚ್ಚಿನ ಒಂದು ಜಗ್ಗು. ಅಳತೆಗೆ ಅದು ಬೇಕಾಗಿರಲಿಲ್ಲ.

ಲಾರಿಗೆ ಬೇರೆ ದಾರಿಯಾದ ಸುದ್ದಿ ಹೇಳಲು ಒಂದು ಸಂಜೆ ಗೇಟಿನ ಮನೆಗೆ ಹೋದೆ. ಕನ್ನಿಯಮ್ಮನಿಗೆ ಆಗಲೇ ಗೊತ್ತಾಗಿತ್ತು. ಟೇಪ್ ತಂದಿದ್ದೀಯಾ ಎಂದು ಕೇಳಿದರು. ನನ್ನ ಚೀಲದಲ್ಲಿ ಅದು ಯಾವಾಗಲೂ ಇರುತ್ತಿತ್ತು.

"ಹಾಗಾದ್ರೆ ಒಂದು ಉಪಕಾರ ಮಾಡು ಪಾಪಾ. ಕೊನೇ ದಿನ ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಒಂದೇ ಮಾತು. ನಾನು ಹೋದ ಮೇಲೆ ನಿನ್ನನ್ನು ಮನೆಯಿಂದ ಎಬ್ಬಿಸ್ತಾರಾ ಅಂತ. ನಾನು ಇಲ್ಲ ಅಂದೆ. ಅವರು ನಂಬಲಿಲ್ಲ. ನಾನು ಹೇಳಿದ್ದನ್ನ ಯಾವತ್ತು ನಂಬಿದ್ರು! ನೀನು ಓದಿದವಳು, ನೀನು ಹೇಳು. ನಿಮ್ಮ ಭಾಷೆಯಲ್ಲೇ ಹೇಳು."

ನಗು ಬರಲಿಲ್ಲ. ಮುಂದಿನ ಕೋಣೆಗೆ ಹೋಗಿ, ಪರದೆಯ ಅಡಿಯಿಂದ ಉಂಗುರವನ್ನು ಒಳಗೆ ನೂಕಿದೆ. ಕನ್ನಿಯಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಮನೆ ಉಳಿಯಿತು. ವರದಿಯಲ್ಲಿ ಬರೆದಾಗಿದೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಇನ್ನು ನೀವು ಚಿಂತೆ ಮಾಡಬೇಡಿ" ಎಂದು ಕನ್ನಡದಲ್ಲಿ ಹೇಳಿದೆ. ಟೇಪ್ ಹಿಡಿದು ಕಾದೆವು. ಹೊರಗೆ ರಸ್ತೆಯಲ್ಲಿ ಒಂದು ಆಟೋ ಹೋಯಿತು, ಇನ್ನೊಂದು ಹೋಯಿತು. ಟೇಪ್ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ನಾನು ಮೆಲ್ಲಗೆ ಎಳೆದೆ. ಉಂಗುರ ನೆಲ ಸವರುತ್ತಾ, ಕಿಣಿಕಿಣಿ ಎಂದು ನನ್ನ ಕಾಲ ಬಳಿಗೆ ಬಂತು.

"ಹೇಳಿದೆಯಾ?"

"ಹೇಳಿದೆ ಪಾಟಿ."

"ಹಿಡಿದ್ರಾ?"

ಸುಳ್ಳು ಹೇಳಿಬಿಡೋಣ ಎಂದು ಒಂದು ಕ್ಷಣ ಅನಿಸಿತು. ಆದರೆ ಅವರಿಗೆ ಟೇಪ್ ಕಾಣುತ್ತಿತ್ತು. "ಇಲ್ಲ ಪಾಟಿ" ಎಂದೆ.

ಅವರು ಬಗ್ಗಿ ಆ ಉಂಗುರವನ್ನು ಎತ್ತಿ, ಸೆರಗಿನಲ್ಲಿ ಧೂಳು ಒರೆಸಿ, ನನ್ನ ಕೈಗೆ ಕೊಟ್ಟರು. ಅವರ ಮುಖದಲ್ಲಿ ನಾನು ಹೆದರಿದ್ದ ಬೇಸರ ಇರಲಿಲ್ಲ.

"ಜನ್ಮ ಇಡೀ ನಿಂತೇ ಇದ್ದವರು ಕಣ್ಣು, ಆ ಗೇಟಿನ ಹತ್ರ" ಎಂದರು. "ಈಗ ಕೂತ್ಕೊಂಡಿರ್ಬೇಕು."